ನಮ್ಮದು ಪ್ರಚಾರ, ಅವರದು ಮತಾಂತರ

ಕಳೆದ ಡಿಸೆಂಬರಿನ ಮೂರನೆಯ ಶನಿವಾರ ಸುವಾನಿಯ ಕನ್ನಡದ ಮನೆಯೊಂದರಲ್ಲಿ ಧನುರ್ಮಾಸದ ಹುಗ್ಗಿಗೆಂದು ಹತ್ತು ಹನ್ನೆರಡು ಜನ ಸೇರಿದ್ದೆವು. ಸೂರ್ಯೋದಯಕ್ಕೆ ಮುನ್ನ ಮುಗಿಯಬೇಕಾದ ನೈವೇದ್ಯವನ್ನು ಅಟ್ಲಾಂಟಾ ಸೀಮೆಯ ನಾವು ನಮ್ಮ ಅನುಕೂಲಕ್ಕೆ ಬೆಳಗಿನ ಹತ್ತು ಗಂಟೆಗೆ ಸರಿಸಿಕೊಂಡಿದ್ದೇವೆ. ವಲಸೆ ಬಂದ ಮೇಲೆ ಶಾಸ್ತ್ರವೂ ತುಸು ಬಾಗುತ್ತದೆ. ಹುಗ್ಗಿಗೆ ಗೊಜ್ಜು ಬಡಿಸುತ್ತಿದ್ದಾಗ ಬಾಗಿಲ ಗಂಟೆ ಕೇಳಿಸಿತು. ಹೊರಗೆ ಇಬ್ಬರು ಹುಡುಗರು: ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ. ಪಟ್ಟಿಯಲ್ಲಿ ಇಬ್ಬರ ಹೆಸರಿನ ಹಿಂದೆಯೂ ‘ಎಲ್ಡರ್’ ಎಂದಿತ್ತು. ಮೀಸೆ ಸರಿಯಾಗಿ ಚಿಗುರದ ಹುಡುಗರನ್ನು ‘ಹಿರಿಯರು’ ಎಂದು ಕರೆಯುವ ಈ ಮಾರ್ಮನ್ ಪದ್ಧತಿಗೆ ಒಳಗಿದ್ದವರು ನಕ್ಕರು. ನಾನೂ ನಕ್ಕೆ.

ಇಬ್ಬರಲ್ಲಿ ಒಬ್ಬ ಬ್ರೆಜಿಲ್‌ನವನು. ನಾಲ್ಕು ತಿಂಗಳ ಹಿಂದೆ ಬಂದನಂತೆ, ಮನೆಯಿಂದ ದೂರವಿರುವ ಮೊದಲ ಕ್ರಿಸ್‌ಮಸ್ ಅಂತೆ. ತಡವರಿಸುವ ಇಂಗ್ಲಿಷಿನಲ್ಲಿ ಅಷ್ಟನ್ನು ಹೇಳಿ, ಯೇಸುವಿನ ಬಗ್ಗೆ ಐದು ನಿಮಿಷ ಮಾತಾಡಬಹುದೇ ಎಂದು ಕೇಳಿದ. ಮನೆಯ ಯಜಮಾನರು ಸೌಜನ್ಯದಿಂದಲೇ ಬೇಡವೆಂದು ಬಾಗಿಲು ಹಾಕಿದರು. ಅದರಲ್ಲಿ ತಪ್ಪೇನೂ ಇಲ್ಲ. ಯಾರ ಬಾಗಿಲನ್ನು ತಟ್ಟುವ ಹಕ್ಕು ಅವರಿಗಿದೆಯೋ ಆ ಬಾಗಿಲನ್ನು ಮುಚ್ಚುವ ಹಕ್ಕು ಮನೆಯವರಿಗಿದೆ. ನಾನು ಈ ಲೇಖನ ಬರೆಯುತ್ತಿರುವುದು ಬಾಗಿಲು ಮುಚ್ಚಿದ ನಂತರ ಆಡಿದ ಮಾತಿಗಾಗಿ. ಮರಳಿ ಬಂದು ಕೂತ ಯಜಮಾನರು ತಟ್ಟೆಯನ್ನು ಎಳೆದುಕೊಳ್ಳುತ್ತ ಹೇಳಿದರು: “ನಮ್ಮೂರಲ್ಲಾಗಿದ್ರೆ ಇಷ್ಟೊತ್ತಿಗೆ ಒಳಗೆ ಹಾಕಿಸ್ತಿದ್ವಿ. ಅದಕ್ಕೇ ಆ ಕಾಯ್ದೆ ತಂದಿದ್ದು. ಏನಂತೀರಿ ಮೇಡಂ?” ಮೇಡಂ ಏನೂ ಅನ್ನಲಿಲ್ಲ. ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡರು.

ಅಂದು ಹೇಳಬೇಕಿದ್ದುದನ್ನು ಇಂದು ಹೇಳುತ್ತಿದ್ದೇನೆ.

ಮೊದಲಿಗೆ ‘ಆ ಕಾಯ್ದೆ’. ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ವಿಧೇಯಕಕ್ಕೆ ವಿಧಾನಸಭೆಯ ಒಪ್ಪಿಗೆ ದೊರೆತದ್ದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ, 2021ರ ಡಿಸೆಂಬರ್ 23ರಂದು. ಕ್ರಿಸ್‌ಮಸ್‌ಗೆ ಎರಡು ದಿನ ಮುನ್ನ ರಾಜ್ಯದ ಕ್ರೈಸ್ತರಿಗೆ ದೊರೆತ ಉಡುಗೊರೆ ಅದು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರಿನಲ್ಲಿ ವಿಧಾನ ಪರಿಷತ್ತನ್ನೂ ದಾಟಿ ಅದು ಕಾಯ್ದೆಯಾಯಿತು. ಹೆಸರಿನಲ್ಲಿ ಸ್ವಾತಂತ್ರ್ಯ, ಒಳಗೆ ಅಪ್ಪಣೆ ಚೀಟಿ. ಮತ ಬದಲಿಸುವವರು ಮೂವತ್ತು ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು. ಬದಲಿಸುವ ವಿಧಿಯನ್ನು ನೆರವೇರಿಸುವವರೂ ತಿಳಿಸಬೇಕು. ದೂರು ಕೊಡಲು ಅಪ್ಪ ಅಮ್ಮಂದಿರೇ ಆಗಬೇಕಿಲ್ಲ, ಜೊತೆಯಲ್ಲಿ ಕೆಲಸ ಮಾಡುವವನೂ ಸಾಕು. ತಪ್ಪು ಮಾಡಿಲ್ಲವೆಂದು ರುಜುವಾತು ಮಾಡುವ ಹೊಣೆ ಆರೋಪಿಯದು. ಜಾಮೀನು ಸುಲಭವಾಗಿ ಸಿಗದ ಅಪರಾಧ ಇದು. ‘ಆಮಿಷ’ದ ವ್ಯಾಖ್ಯೆಯಲ್ಲಿ ಹಣ, ಉಡುಗೊರೆ, ಉದ್ಯೋಗಗಳಷ್ಟೇ ಅಲ್ಲ, ಉಚಿತ ಶಿಕ್ಷಣವೂ ಇದೆ, ಉತ್ತಮ ಜೀವನಶೈಲಿಯ ಭರವಸೆಯೂ ಇದೆ. ಉತ್ತಮ ಜೀವನಶೈಲಿಯ ಭರವಸೆಗೆ ಮರುಳಾಗುವುದು ಅಪರಾಧದ ಅಂಚಿನದೆಂದಾದರೆ ಸುವಾನಿಯ ನಮ್ಮೆಲ್ಲರ ವೀಸಾ ಅರ್ಜಿಗಳನ್ನು ಒಮ್ಮೆ ತೆರೆದು ನೋಡಬೇಕಾಗುತ್ತದೆ.

ಇನ್ನೊಂದು ಕಲಮನ್ನು ನಾನು ಮೊದಲ ಸಲ ಓದಿದಾಗ ಎರಡನೆಯ ಸಲ ಓದಬೇಕಾಯಿತು. ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ಸೆರೆ. ಮತಾಂತರಗೊಂಡವರು ಅಪ್ರಾಪ್ತರು, ಬುದ್ಧಿಸ್ವಾಸ್ಥ್ಯವಿಲ್ಲದವರು, ಹೆಂಗಸರು ಅಥವಾ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿದವರಾಗಿದ್ದರೆ ಶಿಕ್ಷೆ ಹತ್ತು ವರ್ಷದವರೆಗೆ. ಎರಡು ದಶಕ ಪಾಠ ಮಾಡಿ, ಪರದೇಶದಲ್ಲಿ ಡಾಕ್ಟರೇಟ್ ಪಡೆದು, ಬೇರೆಯವರ ಪ್ರಬಂಧಗಳಿಗೆ ಮಾರ್ಗದರ್ಶನ ಮಾಡುವ ನಾನು ನನ್ನ ದೇವರನ್ನು (ಅಥವಾ ದೇವರಿಲ್ಲದಿರುವುದನ್ನು) ಆರಿಸಿಕೊಳ್ಳುವ ವಿಷಯದಲ್ಲಿ ಎಂಟು ವರ್ಷದ ಮಗುವಿನ ಪಂಕ್ತಿಯಲ್ಲಿ ಕೂರಬೇಕು. ದಲಿತ ಪ್ರಾಧ್ಯಾಪಕರೂ ನನ್ನ ಪಕ್ಕದಲ್ಲೇ ಕೂರಬೇಕು. ಯಾರು ಯೋಚಿಸಿ ನಿರ್ಧರಿಸಬಲ್ಲರು, ಯಾರು ಮೋಸಹೋಗಲೆಂದೇ ಹುಟ್ಟಿದವರು ಎಂಬ ವಿಂಗಡಣೆ ಇಲ್ಲಿ ಹಳೆಯ ವರ್ಣಪಟ್ಟಿಯ ಜಾಡಿನಲ್ಲೇ ಸಾಗಿದೆ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧ ಧರ್ಮವನ್ನು ಅಪ್ಪಿದ ಅಂಬೇಡ್ಕರರು ಇಂಥ ಕಾಯ್ದೆಯಡಿ ‘ಸಾಮೂಹಿಕ ಮತಾಂತರ’ದ ಆರೋಪಿಯಾಗಬಹುದಿತ್ತು. ಆದರೆ ‘ಹಿಂದಿನ ಮತ’ಕ್ಕೆ ಮರಳುವುದಾದರೆ ಮಾತ್ರ ಅದು ಮತಾಂತರವೇ ಅಲ್ಲವಂತೆ, ಅದಕ್ಕೆ ಅಪ್ಪಣೆಯೂ ಬೇಡ, ಅರ್ಜಿಯೂ ಬೇಡ. ಬಾಗಿಲು ಒಳಕ್ಕೆ ಮಾತ್ರ ತೆರೆದುಕೊಳ್ಳುತ್ತದೆ.

ನನ್ನ ಬಳಗದವರು ಇಲ್ಲಿ ಹೇಳುವ ಉತ್ತರ ನನಗೆ ಬಾಯಿಪಾಠ: “ನಾವು ಯಾರ ಮನೆ ಬಾಗಿಲಿಗೂ ಹೋಗುವುದಿಲ್ಲ. ಹಿಂದೂಗಳು ಮತಾಂತರ ಮಾಡುವುದಿಲ್ಲ.” ಸುವಾನಿಯಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಲಿಲ್‌ಬರ್ನ್ ಊರಿನಲ್ಲಿ 2007ರಲ್ಲಿ ತೆರೆದ ಬಿಎಪಿಎಸ್ ಸ್ವಾಮಿನಾರಾಯಣ ಮಂದಿರವಿದೆ. ಅಲ್ಲಿ ಯಾವ ಮತದವರಿಗೂ ಸ್ವಾಗತವಿದೆ, ಆಸಕ್ತರಿಗೆ ಪುಸ್ತಕಗಳಿವೆ. ಇರಬೇಕಾದ್ದೇ. 1965ರಲ್ಲಿ ಸರಕಿನ ಹಡಗೇರಿ ಅಮೆರಿಕಕ್ಕೆ ಬಂದ ಭಕ್ತಿವೇದಾಂತ ಸ್ವಾಮಿ ಪ್ರಭುಪಾದರು ನ್ಯೂಯಾರ್ಕಿನ ಬೀದಿಯ ಬಿಳಿಯ ಹುಡುಗರನ್ನು ಕೃಷ್ಣಭಕ್ತರನ್ನಾಗಿಸಿದರು. ಆ ಹುಡುಗರು ತಲೆ ಬೋಳಿಸಿಕೊಂಡು ವಿಮಾನ ನಿಲ್ದಾಣಗಳಲ್ಲಿ ಗೀತೆ ಹಂಚಿದರು. ಅವರ ಮೇಲಿನ ನಿರ್ಬಂಧದ ಪ್ರಶ್ನೆ 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೇ ಹೋಯಿತು. ನಿಲ್ದಾಣದೊಳಗೆ ಹಣ ಕೇಳುವುದನ್ನು ತಡೆಯಬಹುದು, ಪುಸ್ತಕ ಹಂಚುವುದನ್ನು ತಡೆಯುವಂತಿಲ್ಲ ಎಂದಿತು ನ್ಯಾಯಾಲಯ. ಇನ್ನು ಉಡುಪಿಯ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಎಡಿಸನ್ ಮೊದಲಾದೆಡೆ ಕೃಷ್ಣ ವೃಂದಾವನಗಳನ್ನು ಕಟ್ಟಿದ್ದು ಏತಕ್ಕೆ? ಧರ್ಮಪ್ರಚಾರಕ್ಕೆ. ಅದೇ ಪ್ರಚಾರಕ್ಕಾಗಿ ಸಮುದ್ರ ದಾಟಿದರೆಂದು 2008ರ ಪರ್ಯಾಯದಲ್ಲಿ ಅವರ ಕೃಷ್ಣಪೂಜೆಗೆ ಅಷ್ಟಮಠಗಳ ಒಳಗಿನಿಂದಲೇ ಆಕ್ಷೇಪ ಎದ್ದಿತು. ಅಮೆರಿಕದ ಯಾವ ಅಧಿಕಾರಿಯೂ ಅವರ ಪ್ರಚಾರಕ್ಕೆ ಮೂವತ್ತು ದಿನದ ನೋಟೀಸು ಕೇಳಲಿಲ್ಲ. ತಡೆದದ್ದು ನಮ್ಮವರೇ.

ಹೀಗಾಗಿ ನಮ್ಮದು ಪ್ರಚಾರ, ಅವರದು ಮತಾಂತರ. ಕ್ರಿಯೆ ಒಂದೇ, ಕ್ರಿಯಾಪದ ಎರಡು.

‘ಪ್ರಚಾರ’ ಎಂಬ ಪದ ನಮ್ಮ ಸಂವಿಧಾನದ 25ನೆಯ ವಿಧಿಯಲ್ಲಿಯೇ ಇದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆ ಆ ಪದವಿರಬೇಕೇ ಬೇಡವೇ ಎಂದು ವಾದಿಸಿತು. ಇರಬೇಕೆಂದವರಲ್ಲಿ ಕೆ.ಎಂ. ಮುನ್ಷಿ ಒಬ್ಬರು, ಭಾರತೀಯ ವಿದ್ಯಾಭವನ ಸ್ಥಾಪಿಸಿದವರು, ಸೋಮನಾಥದ ಪುನರ್ನಿರ್ಮಾಣಕ್ಕೆ ಮುಂದೆ ನಿಂತವರು. ವಾಕ್‌ಸ್ವಾತಂತ್ರ್ಯವಿರುವಲ್ಲಿ ತನ್ನ ನಂಬಿಕೆಯತ್ತ ಇನ್ನೊಬ್ಬರ ಮನವೊಲಿಸುವ ಅವಕಾಶ ಹೇಗೂ ಇದ್ದೇ ಇರುತ್ತದೆ ಎಂಬುದು ಅವರ ವಾದದ ತಿರುಳು. ಮುನ್ಷಿಯವರನ್ನು ಮಿಷನರಿಗಳ ಏಜೆಂಟ್ ಎನ್ನುವ ಧೈರ್ಯ ಯಾರಿಗಿದೆಯೋ ಕಾಣೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಒಪ್ಪೋಣ. ಆದರೆ ಮತಾಂತರವಾಗುವವಳ ಹಕ್ಕೆಲ್ಲಿ ಹೋಯಿತು? ಮಾತು ಕೇಳಿ, ತೂಗಿ, ಹೌದು ಎನ್ನುವ ಅವಳನ್ನು ಈ ಇಡೀ ಚರ್ಚೆ ಕಾಣುವುದೇ ಇಲ್ಲ. ಅವಳು ಯಾರೋ ಕದ್ದೊಯ್ದ ಸಾಮಾನು.

ನಾನು ಮಾರ್ಮನ್ ಸಭೆಯ ವಕೀಲಳಲ್ಲ. 1978ರವರೆಗೆ ಕರಿಯ ಗಂಡಸರಿಗೆ ಯಾಜಕತ್ವ ಕೊಡದಿದ್ದ ಸಂಸ್ಥೆ ಅದು. ಇಂದಿಗೂ ಹೆಂಗಸರಿಗೆ ಕೊಟ್ಟಿಲ್ಲ. ಸತ್ತವರಿಗೂ ಪ್ರತಿನಿಧಿಗಳ ಮೂಲಕ ದೀಕ್ಷಾಸ್ನಾನ ಮಾಡಿಸುತ್ತಾರೆ. ನಾಜಿಗಳ ಕೈಯಲ್ಲಿ ಸತ್ತ ಯಹೂದ್ಯರ ಹೆಸರುಗಳೂ ಆ ಪಟ್ಟಿಗೆ ಸೇರಿ ಅವರ ಬಂಧುಗಳು ಪ್ರತಿಭಟಿಸಿದ ಮೇಲೆ, 1995ರಲ್ಲಿ ಅದನ್ನು ನಿಲ್ಲಿಸುತ್ತೇವೆಂದು ಸಭೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಹದಿನೆಂಟು ತುಂಬಿದ ಹುಡುಗರನ್ನು ಎರಡು ವರ್ಷ ಎಲ್ಲಿಗೋ ಕಳಿಸುವ ವ್ಯವಸ್ಥೆಯಲ್ಲಿಯೂ ಒಂದು ಕಾಠಿಣ್ಯವಿದೆ. ಎಲ್ಲಿಗೆ ಎಂಬುದನ್ನು ಹುಡುಗ ಆರಿಸುವಂತಿಲ್ಲ. ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ಜೊತೆಗಾರ ಸದಾ ಇರಬೇಕು. ಖರ್ಚಿನ ಬಹುಪಾಲು ಅವನದೋ ಅವನ ಮನೆಯವರದೋ. 2019ರ ಫೆಬ್ರವರಿಯವರೆಗೆ ವರ್ಷಕ್ಕೆ ಎರಡೇ ಸಲ ಮನೆಗೆ ಫೋನ್ ಮಾಡಬಹುದಿತ್ತು: ತಾಯಂದಿರ ದಿನ ಮತ್ತು ಕ್ರಿಸ್‌ಮಸ್. ಆ ಒಂದು ಕರೆಗಾಗಿ ಡಿಸೆಂಬರಿನುದ್ದಕ್ಕೂ ದಿನ ಎಣಿಸುತ್ತ ಎಷ್ಟು ಹುಡುಗರು ಅಪರಿಚಿತ ಬಾಗಿಲುಗಳನ್ನು ತಟ್ಟಿರಬಹುದು! ಈಗ ವಾರಕ್ಕೊಮ್ಮೆ ಮಾತಾಡಬಹುದು. ಇದನ್ನೆಲ್ಲ ಟೀಕಿಸೋಣ, ಬರೆಯೋಣ, ಬಾಗಿಲಲ್ಲಿ ನಿಲ್ಲಿಸಿಯೇ ಆ ಹುಡುಗರೊಡನೆ ವಾದಿಸೋಣ. ವಾದಕ್ಕೂ ಪೊಲೀಸರಿಗೂ ನಡುವೆ ಇರುವ ಅಂತರವೇ ನಾಗರಿಕತೆ ಎಂದು ನಾನು ತಿಳಿದಿದ್ದೇನೆ.

ಆ ಅಂತರ ಅಳಿಸಿದರೆ ಏನಾಗುತ್ತದೆಂಬುದು ನಾವು ನಿಂತ ಈ ಜಾರ್ಜಿಯಾದ ಮಣ್ಣಿಗೆ ಗೊತ್ತು. ಸುವಾನಿಯಿಂದ ವಾಯುವ್ಯಕ್ಕೆ ಸುಮಾರು ಎರಡು ಗಂಟೆ ಹೋದರೆ ವಿಟ್‌ಫೀಲ್ಡ್ ಕೌಂಟಿ. 1879ರ ಜುಲೈ 21ರಂದು ಅಲ್ಲಿ ಇಬ್ಬರು ಮಾರ್ಮನ್ ಮಿಷನರಿಗಳನ್ನು ಹತ್ತು ಹನ್ನೆರಡು ಜನರ ಗುಂಪು ದಾರಿಯಲ್ಲಿ ಹಿಡಿದು ಕಾಡಿಗೊಯ್ದಿತು. ಜೋಸೆಫ್ ಸ್ಟಾಂಡಿಂಗ್‌ಗೆ 24 ವರ್ಷ, ರಜರ್ ಕ್ಲಾಸನ್‌ಗೆ 22. ಸ್ಟಾಂಡಿಂಗ್‌ನನ್ನು ಗುಂಡಿಟ್ಟು ಕೊಂದರು. ಬದುಕಿದ ಕ್ಲಾಸನ್ ಸ್ನೇಹಿತನ ದೇಹವನ್ನು ಯೂಟಾಕ್ಕೆ ಒಯ್ದ. ಮೂವರ ವಿಚಾರಣೆ ನಡೆದು ಮೂವರೂ ಬಿಡುಗಡೆಯಾದರು. ದಕ್ಷಿಣದ ಬಿಳಿಯರಿಗೆ ಆ ಹುಡುಗರ ಮೇಲಿದ್ದ ದೂರೇನು? ಇವರು ನಮ್ಮ ಬಡವರನ್ನು ಮರುಳು ಮಾಡುತ್ತಾರೆ, ನಮ್ಮ ಹೆಣ್ಣುಮಕ್ಕಳನ್ನು ಬಲೆಗೆ ಹಾಕಿಕೊಂಡು ಯೂಟಾಕ್ಕೆ ಸಾಗಿಸುತ್ತಾರೆ. ಈ ವಾಕ್ಯವನ್ನು ಎಲ್ಲಿ ಕೇಳಿದ್ದೇವೆ? ಮದುವೆಯ ಭರವಸೆ ಕೊಟ್ಟು ಮತಾಂತರ ಮಾಡುತ್ತಾರೆಂಬ ಕಲಮು ಬೆಳಗಾವಿಯಲ್ಲಿ ಬರೆದದ್ದಿರಬಹುದು, ಅದರ ಭಯ ವಿಟ್‌ಫೀಲ್ಡ್ ಕೌಂಟಿಯದೇ. ಅದಕ್ಕೂ ಮೊದಲು, 1838ರಲ್ಲಿ, ಮಿಸೌರಿಯ ರಾಜ್ಯಪಾಲ ಮಾರ್ಮನ್ನರನ್ನು ನಿರ್ಮೂಲ ಮಾಡಬೇಕು ಇಲ್ಲವೇ ರಾಜ್ಯದಿಂದ ಓಡಿಸಬೇಕು ಎಂದು ಲಿಖಿತ ಆದೇಶ ಹೊರಡಿಸಿದ್ದ. ಅದನ್ನು ಔಪಚಾರಿಕವಾಗಿ ಹಿಂದೆಗೆದುಕೊಂಡದ್ದು 1976ರಲ್ಲಿ. ಆ ರಾಜ್ಯಪಾಲನ ಹೆಸರು ಲಿಲ್‌ಬರ್ನ್ ಬಾಗ್ಸ್. ನಮ್ಮ ಮಂದಿರದ ಊರಿಗೂ ಅವನಿಗೂ ಸಂಬಂಧವಿಲ್ಲ, ಬರೀ ಹೆಸರಿನ ಕಾಕತಾಳೀಯ; ಆದರೂ ಆ ಫಲಕ ಕಂಡಾಗಲೆಲ್ಲ ನನಗೆ ಅವನ ನೆನಪಾಗುತ್ತದೆ.

ಅದೆಲ್ಲ ಹತ್ತೊಂಬತ್ತನೆಯ ಶತಮಾನ ಎನ್ನುವವರಿಗೆ 1999ರ ಜನವರಿ ನೆನಪಿಸಬೇಕು. ಒಡಿಶಾದ ಮನೋಹರಪುರದಲ್ಲಿ ಜೀಪಿನೊಳಗೆ ಮಲಗಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಸುಟ್ಟರು. ಮಕ್ಕಳಿಗೆ ಹತ್ತು ವರ್ಷ, ಆರು ವರ್ಷ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿ ಪ್ರಾರ್ಥನಾಲಯಗಳಿಗೆ ನುಗ್ಗಿದವರ ಬಾಯಲ್ಲಿಯೂ ‘ಮತಾಂತರ’ವೇ ಇತ್ತು.

ಮಂಗಳೂರೆಂದಾಗ ಇನ್ನೊಂದು ಮಾತು. 1834ರ ಅಕ್ಟೋಬರ್ ಕೊನೆಗೆ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಅಲ್ಲಿ ಬಂದಿಳಿದರು; ಎರಡೇ ತಿಂಗಳಿಗೆ ಅಪರಿಚಿತ ಊರಿನಲ್ಲಿ ಅವರ ಮೊದಲ ಕ್ರಿಸ್‌ಮಸ್ ಬಂತು. ಅದೇ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್‌ಗೆ ಇಪ್ಪತ್ತೊಂದು ವರ್ಷ. ನಮ್ಮ ಬಾಗಿಲಿಗೆ ಬಂದ ಹುಡುಗನಿಗಿಂತ ಹೆಚ್ಚು ಹಿರಿಯನಲ್ಲ. ಇವರೆಲ್ಲ ಬಂದದ್ದು ನಿಘಂಟು ಬರೆಯಲಿಕ್ಕಲ್ಲ, ನಮ್ಮನ್ನು ಕ್ರೈಸ್ತರನ್ನಾಗಿಸಲಿಕ್ಕೆ. ಅವರ ಬರವಣಿಗೆಯಲ್ಲಿ ನಮ್ಮ ದೇವರುಗಳ ಬಗ್ಗೆ ಇದ್ದ ತಿರಸ್ಕಾರವನ್ನು ನಾನು ಮರೆಮಾಚುವುದಿಲ್ಲ. ಆದರೆ 1894ರ ಆ ನಿಘಂಟನ್ನು ಕೂಟದ ವೇದಿಕೆಗಳಲ್ಲಿ ಹೊಗಳುವಾಗ, ಬಂದ ಉದ್ದೇಶವನ್ನು ಕತ್ತರಿಸಿ ಹಾಕಿ ನಿಘಂಟನ್ನು ಮಾತ್ರ ಇಟ್ಟುಕೊಳ್ಳುತ್ತೇವೆ. ಬಾಸೆಲ್ ಮಿಷನ್ ಶಾಲೆಗಳು ಈ ಕಾಯ್ದೆಯ ಕಣ್ಣಿಗೆ ‘ಆಮಿಷ’ವಾಗಿ ಕಾಣುತ್ತಿದ್ದವು ಎಂಬುದನ್ನು ಹೇಳುವುದಿಲ್ಲ.

ನನ್ನ ಮೊದಲ ಅಮೆರಿಕದ ಡಿಸೆಂಬರ್ ನಾರ್ತ್ ಕೆರೊಲಿನಾದಲ್ಲಿ. ವಿದ್ಯಾರ್ಥಿನಿಲಯ ಬರಿದಾಗಿತ್ತು, ಅಡುಗೆಮನೆ ಮುಚ್ಚಿತ್ತು. ಬಸ್ಸು ದಿನಕ್ಕೆರಡು. ಅಲ್ಲಿನ ಚರ್ಚೊಂದರ ವೃದ್ಧ ದಂಪತಿ ಪರದೇಶದ ವಿದ್ಯಾರ್ಥಿಗಳನ್ನು ಊಟಕ್ಕೆ ಕರೆದಿದ್ದರು. ಊಟದ ನಂತರ ನಿರೀಕ್ಷಿಸಿದಂತೆಯೇ ಯೇಸುವಿನ ವಿಷಯ ತೆಗೆದರು. ನನಗೆ ನಂಬಿಕೆಯಿಲ್ಲ ಎಂದೆ. ಆಕೆ ಸರಿ ಎಂದು ಇನ್ನೊಂದು ತುಂಡು ಕುಂಬಳದ ಕಡುಬು ಬಡಿಸಿದರು. ನಾನು ಮತ ಬದಲಿಸಲಿಲ್ಲ, ಆಮಿಷವನ್ನು ಮಾತ್ರ ಪೂರ್ತಿ ತಿಂದೆ.

ಹುಗ್ಗಿಯ ದಿನದ ಸಂಜೆ ಯಜಮಾನರು ಬಾಗಿಲ ಕ್ಯಾಮೆರಾದ ತುಣುಕೊಂದನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ‘ಇಂದಿನ ಬೇಟೆ’ ಎಂಬ ಒಕ್ಕಣೆ. ನಗೆಯ ಮುಖಗಳು ಸಾಲಾಗಿ ಬಂದವು. ನಾನೂ ಯೋಚಿಸದೆ ಒಂದು ಹೆಬ್ಬೆರಳು ಒತ್ತಿದೆ. ವಾರದ ನಂತರ ಅವರಿಗೆ ಫೋನ್ ಮಾಡಿ ಈ ಮಾತುಗಳಲ್ಲಿ ಅರ್ಧದಷ್ಟನ್ನು ಹೇಳಿದೆ. “ಆ ಕಾಯ್ದೆ ರದ್ದು ಮಾಡ್ತೀವಿ ಅಂತ 2023ರ ಜೂನಲ್ಲೇ ಸಂಪುಟ ತೀರ್ಮಾನ ಮಾಡಿದೆಯಲ್ಲ ಮೇಡಂ, ಇನ್ಯಾಕೆ ಆ ಮಾತು?” ಎಂದರು. ಒಳಗೆ ಹಾಕಿಸಬೇಕೆಂಬ ಆಸೆಯನ್ನು ಯಾವ ಸಂಪುಟ ರದ್ದು ಮಾಡುತ್ತದೆಂದು ಕೇಳಿದೆ. ಆ ತುಣುಕನ್ನು ಅಳಿಸಿ ಎಂದೂ ಕೇಳಿದೆ. ನೋಡೋಣ ಎಂದರು.

ಇನ್ನೂ ಅಳಿಸಿಲ್ಲ. ಮೊನ್ನೆ ಮತ್ತೆ ನೋಡಿದೆ. ಬಾಗಿಲು ಮುಚ್ಚುತ್ತದೆ. ಹಿಂತಿರುಗುವಾಗ ಬ್ರೆಜಿಲ್‌ನ ಹುಡುಗ ಕೆಳಗೆ ನೋಡಿ, ಜೊತೆಗಾರನ ತೋಳು ಹಿಡಿದು ಪಕ್ಕಕ್ಕೆಳೆಯುತ್ತಾನೆ. ಮೆಟ್ಟಿಲ ಬಳಿ ಧನುರ್ಮಾಸದ ರಂಗೋಲಿಯಿತ್ತು. ಇಬ್ಬರೂ ಅದನ್ನು ಸುತ್ತಿ, ಹುಲ್ಲಿನ ಮೇಲೆ ಕಾಲಿಟ್ಟು ಹೋಗುತ್ತಾರೆ.