ಗೂಳಿ ತಂದರು, ಹಗ್ಗ ತರಲಿಲ್ಲ: ಬೆಂಗಳೂರು ಬುಲ್ಸ್ ಸೋಲು-ಗೆಲುವಿನಿಂದ ನಮ್ಮೂರ ತಂಡಗಳು ಕಲಿಯಬೇಕಾದ್ದು

2024ರ ಅಕ್ಟೋಬರ್ 18, ಶುಕ್ರವಾರ ರಾತ್ರಿ. ಮಳವಳ್ಳಿ ರಸ್ತೆಯ ಟೀ ಅಂಗಡಿಯೊಂದರಲ್ಲಿ ಬಿಸ್ಕತ್ ಡಬ್ಬಕ್ಕೆ ಫೋನ್ ಒರಗಿಸಿಕೊಂಡು ಎಂಟು ಜನ ಕೂತಿದ್ದೆವು. ಪ್ರೊ ಕಬಡ್ಡಿ 11ನೇ ಸೀಸನ್ನಿನ ಮೊದಲ ಪಂದ್ಯ. ಹೈದರಾಬಾದಿನಲ್ಲಿ ಬೆಂಗಳೂರು ಬುಲ್ಸ್ ಮತ್ತು ತೆಲುಗು ಟೈಟನ್ಸ್.

ನಮ್ಮ ಕಡೆ ಕ್ಯಾಪ್ಟನ್ ಪರ್ದೀಪ್ ನರ್ವಾಲ್. ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಅಂಕ ತೆಗೆದವರು, 'ಡುಬ್ಕಿ ಕಿಂಗ್'. ಆ ಕಡೆ ಕ್ಯಾಪ್ಟನ್ ಪವನ್ ಸೆಹ್ರಾವತ್. ಒಂದು ಕಾಲಕ್ಕೆ ನಮ್ಮವರೇ. ಪಂದ್ಯ ಮುಗಿದಾಗ ಟೈಟನ್ಸ್ 37, ಬುಲ್ಸ್ 29. ಪವನ್ 13 ಅಂಕ ತೆಗೆದಿದ್ದರು. ಪರ್ದೀಪ್‌ಗೆ ಸಿಕ್ಕಿದ್ದು ಮೂರು.

ಮೂಲೆಯಲ್ಲಿ ಕೂತಿದ್ದ ನಮ್ಮ ದೊಡ್ಡಪ್ಪ, ಮಣ್ಣಿನ ಅಂಕಣದಲ್ಲಿ ಹತ್ತು ವರ್ಷ ಕಾರ್ನರ್ ಆಡಿದವರು, ಎದ್ದು ಹೊರಡುವಾಗ ಒಂದೇ ಮಾತು ಹೇಳಿದರು: "ಗೂಳಿ ತಂದವ್ರೆ ಕಣ್ಲಾ, ಹಗ್ಗ ತಂದಿಲ್ಲ."

ಆವತ್ತು ನಾವೆಲ್ಲ ನಕ್ಕೆವು. ಸೀಸನ್ ಮುಗಿಯೋ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. 22 ಪಂದ್ಯ, ಗೆದ್ದಿದ್ದು 2, ಸಮ 1, ಸೋತಿದ್ದು 19. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. 2019ರ ಜನವರಿ 5ರಂದು ಮುಂಬೈನಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಕಪ್ ಎತ್ತಿದ್ದ ತಂಡವೇ ಇದು ಅಂತ ನಂಬೋಕೆ ಆಗಲಿಲ್ಲ.

ದುಡ್ಡಿರಲಿಲ್ಲ ಅನ್ನೋ ಹಾಗಿಲ್ಲ. ಹರಾಜಿಗೆ ಎಲ್ಲ ತಂಡಕ್ಕೂ ಒಂದೇ ಮಿತಿ, 5 ಕೋಟಿ. ಅಷ್ಟೇ ದುಡ್ಡಲ್ಲಿ ಹರಿಯಾಣ ಸ್ಟೀಲರ್ಸ್ ಆ ವರ್ಷ ಕಪ್ ಗೆದ್ದಿತು, ನಾವು ತಳಕ್ಕೆ ಬಿದ್ದೆವು. ಹಾಗಾದರೆ ತಪ್ಪಿದ್ದೆಲ್ಲಿ?

ಲೆಕ್ಕ ಸರಳ

ಬುಲ್ಸ್ 11ನೇ ಸೀಸನ್ನಿಗೆ ದೊಡ್ಡ ಮೊತ್ತ ಸುರಿದದ್ದು ರೈಡರ್‌ಗಳ ಮೇಲೆ. ಅಜಿಂಕ್ಯ ಪವಾರ್‌ಗೆ 1 ಕೋಟಿ 10 ಲಕ್ಷಕ್ಕೂ ಮೇಲೆ, ಪರ್ದೀಪ್‌ಗೆ 70 ಲಕ್ಷ. ಟಿವಿಯಲ್ಲಿ ಕಾಣೋದೂ ರೈಡರ್, ಪೋಸ್ಟರ್‌ನಲ್ಲಿ ಇರೋದೂ ರೈಡರ್. ಆದರೆ ಕಬಡ್ಡಿ ಆಡಿದವರಿಗೆ ಗೊತ್ತಿರೋ ಒಂದು ವಿಷಯ ಇದೆ. ಔಟಾದವನು ತಾನಾಗಿ ಒಳಗೆ ಬರೋ ಹಾಗಿಲ್ಲ. ನಮ್ಮವರು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಮಾತ್ರ ನಮ್ಮಲ್ಲೊಬ್ಬ ವಾಪಸ್. ಬೋನಸ್ ಪಾಯಿಂಟ್ ತಂದರೂ ಯಾರೂ ಒಳಗೆ ಬರಲ್ಲ.

ಅಂದರೆ ಎಷ್ಟೇ ದೊಡ್ಡ ರೈಡರ್ ಇರಲಿ, ಅವನು ಒಂದು ಸಲ ಸಿಕ್ಕಿಬಿದ್ದ ಅನ್ನಿ. ಅವನನ್ನು ಒಳಗೆ ಕರೆತರಬೇಕಾದವರು ಎರಡನೇ ರೈಡರ್ ಅಥವಾ ಡಿಫೆಂಡರ್‌ಗಳು. ಅವರಿಗೆ ಆ ತಾಕತ್ತಿಲ್ಲದಿದ್ದರೆ ಕೋಟಿಯ ಆಟಗಾರ ಹೊರಗಿನ ಬೆಂಚಿನಲ್ಲಿ ಟವೆಲ್ ಹಾಕ್ಕೊಂಡು ಕೂತಿರ್ತಾನೆ. ಅಷ್ಟರಲ್ಲಿ ಏಳು ಜನ ಐದಾಗಿ, ಐದು ಮೂರಾಗಿ, ಆಲೌಟ್ ಆಗಿ ಎದುರಾಳಿಗೆ ಇನ್ನೆರಡು ಅಂಕ ಹೆಚ್ಚುವರಿ. ಬುಲ್ಸ್ ಪಂದ್ಯಗಳಲ್ಲಿ ಮತ್ತೆ ಮತ್ತೆ ನೋಡಿದ್ದು ಇದನ್ನೇ.

ದೊಡ್ಡಪ್ಪ ಹೇಳಿದ 'ಹಗ್ಗ' ಅಂದರೆ ಡಿಫೆನ್ಸ್. ಆಟದಲ್ಲಿ ಅರ್ಧ ಹೊತ್ತು ರೈಡ್ ಮಾಡೋದು ಎದುರಾಳಿ. ಆ ಅರ್ಧ ಆಟಕ್ಕೆ ನಮ್ಮಲ್ಲಿ ಜೊತೆಗಾರಿಕೆ ಇರಲಿಲ್ಲ. ನಿತಿನ್ ರಾವಲ್, ಸೌರಭ್ ನಂದಾಲ್ ಒಬ್ಬೊಬ್ಬರಾಗಿ ನೋಡಿದರೆ ಒಳ್ಳೆ ಡಿಫೆಂಡರ್‌ಗಳೇ. ಆದರೆ ಕಾರ್ನರ್ ಕಾಲು ಹಿಡಿದ ಕ್ಷಣಕ್ಕೆ ಕವರ್ ಮೈಮೇಲೆ ಬೀಳಬೇಕು. ಒಬ್ಬ ಹಿಡಿದು ಇನ್ನೊಬ್ಬ ಅರ್ಧ ಸೆಕೆಂಡ್ ತಡ ಮಾಡಿದರೆ ರೈಡರ್‌ಗೆ ಇಬ್ಬರೂ ಸಿಕ್ಕರು.

ಪರ್ದೀಪ್ ಮೇಲೆ ಗೂಬೆ ಕೂರಿಸೋದು ಬೇಡ

ಸೋತಾಗ ಎಲ್ಲರೂ ಬೈದಿದ್ದು ಪರ್ದೀಪ್‌ನ. ನನಗೆ ಅದು ಸರಿ ಅನಿಸಲಿಲ್ಲ. ಡುಬ್ಕಿ ಅಂದರೆ ಕೈ ಕೈ ಹಿಡಿದು ಮುತ್ತಿಗೆ ಹಾಕಿದವರ ಕೆಳಗೆ ತಲೆ ತಗ್ಗಿಸಿ ನುಗ್ಗಿ ಗೆರೆ ಮುಟ್ಟೋದು. ಅದು ನಡೀಬೇಕಾದರೆ ಎದುರಾಳಿ ಮುತ್ತಿಗೆ ಹಾಕಲೇಬೇಕು. ಹತ್ತು ವರ್ಷ ವಿಡಿಯೋ ನೋಡಿ ನೋಡಿ ಎಲ್ಲ ತಂಡಗಳೂ ಬುದ್ಧಿ ಕಲಿತವು. ಮುಂದೆ ಬರೋದೇ ಇಲ್ಲ, ಹಿಂದೆ ನಿಂತು ಕಾಯ್ತಾರೆ, ಕಾಲು ಚಾಚಿದಾಗ ಪಾದ ಹಿಡೀತಾರೆ.

2017ರಲ್ಲಿ, ಐದನೇ ಸೀಸನ್ನಿನಲ್ಲಿ, ಪಟ್ನಾ ಪರವಾಗಿ 369 ರೈಡ್ ಅಂಕ ತೆಗೆದ ಪರ್ದೀಪ್ ಬೇರೆ. 2024ರ ಪರ್ದೀಪ್ ಬೇರೆ. ತಪ್ಪು ಆಟಗಾರನದ್ದಲ್ಲ, ಹಳೆ ಹೆಸರಿಗೆ ಹೊಸ ತಂಡ ಕಟ್ಟಲು ಹೊರಟವರದ್ದು. 2025ರ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ. ಅವರು ನಿವೃತ್ತಿ ಹೇಳಿಬಿಟ್ಟರು. ಅಷ್ಟು ದೊಡ್ಡ ಆಟಗಾರನ ಕೊನೆಯ ಸೀಸನ್ ನಮ್ಮ ತಂಡದಲ್ಲಿ ಹಾಗೆ ಮುಗಿದದ್ದಕ್ಕೆ ಬೇಜಾರಿದೆ.

ಸಾಕಿದವರನ್ನು ಬಿಟ್ಟುಕೊಟ್ಟಿದ್ದು

'2019ರಲ್ಲಿ ಪವನ್ ಒಬ್ಬನೇ ಕಪ್ ಗೆಲ್ಲಿಸಲಿಲ್ವಾ?' ಅಂತ ನೀವು ಕೇಳಬಹುದು. ಫೈನಲ್‌ನಲ್ಲಿ ಅವರು 22 ರೈಡ್ ಅಂಕ ತೆಗೆದದ್ದು ನಿಜ. ಆದರೆ ಅವರು ಔಟಾದಾಗ ಒಳಗೆ ಕರೆತರಲು ಕ್ಯಾಪ್ಟನ್ ರೋಹಿತ್ ಕುಮಾರ್ ಇದ್ದರು, ಕಾಶಿಲಿಂಗ್ ಅಡಕೆ ಇದ್ದರು, ಕವರ್‌ನಲ್ಲಿ ಮಹೇಂದರ್ ಸಿಂಗ್ ಇದ್ದರು. ಪವನ್ ಹೀರೋ ಆಗಿದ್ದು ಹಗ್ಗ ಗಟ್ಟಿ ಇದ್ದಿದ್ದಕ್ಕೆ.

ಆಮೇಲೆ ಏನಾಯ್ತು? ಎಂಟನೇ ಸೀಸನ್ ಆದಮೇಲೆ ಪವನ್ ಕೈಬಿಟ್ಟು ಹೋದರು. ಅವರ ಜಾಗದಲ್ಲಿ ಭರತ್ ಹೂಡಾ ಬೆಳೆದು ಒಂಬತ್ತನೇ ಸೀಸನ್ನಿನಲ್ಲಿ ತಂಡವನ್ನು ಸೆಮಿಫೈನಲ್‌ವರೆಗೆ ಎಳೆದರು. ಹತ್ತನೇ ಸೀಸನ್ ಮುಗಿದ ಮೇಲೆ ಅವರೂ ಹೋದರು. ಹರಾಜು ಅಂದಮೇಲೆ ಎಲ್ಲರನ್ನೂ ಉಳಿಸಿಕೊಳ್ಳೋಕೆ ಆಗಲ್ಲ, ಒಪ್ಪೋಣ. ಆದರೆ ನಾವೇ ನೀರು ಗೊಬ್ಬರ ಹಾಕಿ ಬೆಳೆಸಿದ ಕಬ್ಬನ್ನು ಪಕ್ಕದೂರ ಆಲೆಮನೆಗೆ ಬಿಟ್ಟು, ಸಂತೆಯಲ್ಲಿ ಬೆಲ್ಲ ಕೊಂಡರೆ ಹೇಗೆ?

ಮುಂದಿನ ವರ್ಷ ಏನು ಬದಲಾಯ್ತು?

2025ರಲ್ಲಿ ಕೋಚ್ ಬದಲಾದರು. ಮೊದಲ ಸೀಸನ್ನಿನಿಂದ ಇದ್ದ ರಣಧೀರ್ ಸಿಂಗ್ ಸೆಹ್ರಾವತ್ ಜಾಗಕ್ಕೆ ನಮ್ಮ ಕನ್ನಡಿಗ ಬಿ.ಸಿ. ರಮೇಶ್ ಬಂದರು. ಅರ್ಜುನ ಪ್ರಶಸ್ತಿ ಪಡೆದವರು. ಏಳನೇ ಸೀಸನ್ನಿನಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, ಹತ್ತನೇ ಸೀಸನ್ನಿನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟ ಕೋಚ್.

ಹರಾಜಿನಲ್ಲಿ ಅವರ ತಂಡ ಕೋಟಿ ದಾಟಿಸಿದ್ದು ಒಬ್ಬರಿಗೆ ಮಾತ್ರ. ಆ ಒಬ್ಬರು ರೈಡರ್ ಅಲ್ಲ! ಕಾರ್ನರ್ ಆಡುವ ಯೋಗೇಶ್ ದಹಿಯಾ. ಇನ್ನೊಂದು ಕಾರ್ನರ್‌ಗೆ ತಮಿಳುನಾಡಿನ ಹುಡುಗ ದೀಪಕ್ ಶಂಕರ್. ರೈಡಿಗೆ ಇರಾನಿನ ಅಲಿರೇಜಾ ಮಿರ್ಜಾಯಿಯಾನ್, ಕೋಟಿಯ ಪಟ್ಟಿಯಲ್ಲಿ ಹೆಸರಿಲ್ಲದವರು. ತಂಡದ ಪಟ್ಟಿಯಲ್ಲಿ ಗಣೇಶ ಹಣಮಂತಗೋಳ, ಸತ್ಯಪ್ಪ ಮಟ್ಟಿ ಅನ್ನೋ ನಮ್ಮ ಕಡೆಯ ಹೆಸರು ಕಂಡಾಗ ಟೀ ಅಂಗಡಿಯಲ್ಲಿ ಒಂದು ಶಿಳ್ಳೆ ಬಿತ್ತು.

ಮೊದಲ ಮೂರೂ ಪಂದ್ಯ ಸೋತರು. 'ಮತ್ತದೇ ಕತೆ' ಅಂತ ನಮ್ಮಲ್ಲಿ ನಾಲ್ಕು ಜನ ಫೋನ್ ಮಡಚಿಟ್ಟು ಎದ್ದು ಹೋದರು. ಆಮೇಲೆ ನೋಡಿ, ಅದೇ ತಂಡ ಲೀಗ್ ಹಂತ ಮುಗಿಸಿದ್ದು ಮೂರನೇ ಸ್ಥಾನದಲ್ಲಿ. ಪ್ಲೇ ಆಫ್‌ನಲ್ಲಿ ಮೊದಲು ತೆಲುಗು ಟೈಟನ್ಸ್, ಆಮೇಲೆ ಪಟ್ನಾ ಎದುರು ಸೋತು ಹೊರಬಿದ್ದರು. ಆ ಟೈಟನ್ಸ್ ತಂಡದಲ್ಲಿ ಆಡುತ್ತಿದ್ದದ್ದು ಇದೇ ಭರತ್ ಹೂಡಾ. ಸಾಕಿದವರನ್ನು ಬಿಟ್ಟುಕೊಟ್ಟ ಬೆಲೆ ಅದು. ಆದರೂ ಕೊನೇ ಸ್ಥಾನದಿಂದ ಒಂದೇ ವರ್ಷದಲ್ಲಿ ಮೂರಕ್ಕೆ ಬಂದದ್ದು ಸಣ್ಣ ಮಾತಲ್ಲ. ಬುಲ್ಸ್ ಅಭಿಮಾನಿಗಳು 'ಫುಲ್ ಚಾರ್ಜು ಮಗಾ' ಅಂತ ಮೊದಲಿಂದ ಕೂಗ್ತಾ ಇದ್ದರು. ಚಾರ್ಜು ಕೂಗಾಟದಿಂದ ಬರಲಿಲ್ಲ, ಎರಡು ಕಾರ್ನರ್‌ನಿಂದ ಬಂತು.

ಈಗ ನಮ್ಮೂರಿಗೆ ಬರೋಣ

ಇಷ್ಟೆಲ್ಲ ಬರೆದದ್ದು ಬುಲ್ಸ್‌ಗೆ ಬುದ್ಧಿ ಹೇಳೋಕಲ್ಲ. ಅವರು ಮಾಡಿದ ತಪ್ಪನ್ನು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ನಾವು ಪ್ರತಿ ವರ್ಷ ಮಾಡ್ತಾ ಇದ್ದೀವಿ.

ಹಬ್ಬ, ಜಾತ್ರೆ ಬಂತು ಅಂದರೆ ಊರೂರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಫ್ಲೆಕ್ಸ್, ಲೈಟು, ಮೈಕು. ತಂಡದ ಹೆಸರು ಊರಿನದು, ಆಡೋರು ಮಾತ್ರ ಹೊರಗಿನವರು. 'ಗೆಸ್ಟ್ ಪ್ಲೇಯರ್' ಅಂತ ದುಡ್ಡು ಕೊಟ್ಟು ಮೂರು ನಾಲ್ಕು ಜನರನ್ನು ಕರೆಸೋದು. ಅವರಲ್ಲಿ ಬಹುಪಾಲು ರೈಡರ್‌ಗಳೇ. ಹೊರಗಿಂದ ಬಂದು ಆಡೋ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರದೂ ಹೊಟ್ಟೆಪಾಡು.

ಎರಡು ವರ್ಷದ ಹಿಂದೆ ನಮ್ಮೂರ ತಂಡಕ್ಕೂ ಹೀಗೇ ಮೂವರನ್ನು ಕರೆಸಿದರು. ಮೂವರಿಗೂ ಸೇರಿ 15,000 ರೂಪಾಯಿ. ಅದಕ್ಕೆ ನಾನೂ 500 ಕೊಟ್ಟಿದ್ದೆ, ಆ ತಪ್ಪಲ್ಲಿ ನನಗೂ ಪಾಲಿದೆ. ನನ್ನ ಚಿಕ್ಕಪ್ಪನ ಮಗ ಲೆಫ್ಟ್ ಕಾರ್ನರ್ ಆಡ್ತಾನೆ. ಮೂರು ತಿಂಗಳು ಸಂಜೆ ಗದ್ದೆಯಿಂದ ಬಂದು ಕಾಲು ತೊಳೆದು ಪ್ರಾಕ್ಟೀಸ್ ಮಾಡಿದ್ದ. ಆವತ್ತು ಹೊಸ ಜೆರ್ಸಿ ಹಾಕ್ಕೊಂಡು ಗೆರೆಯಾಚೆ ಕೂತ. ಚಿಕ್ಕಮ್ಮ ಅವನ ಆಟ ನೋಡೋಕೆ ಅಂತ ಬಂದು ಮುಂದಿನ ಸಾಲಲ್ಲೇ ಕೂತಿದ್ದರು.

ಪಂದ್ಯ ಹೇಗಾಯ್ತು ಅಂತ ನೀವೇ ಊಹಿಸಬಹುದು. ಮೂವರು ರೈಡರ್‌ಗಳು, ಒಬ್ಬರ ಹೆಸರು ಇನ್ನೊಬ್ಬರಿಗೆ ಸರಿಯಾಗಿ ಗೊತ್ತಿಲ್ಲ. ಮೊದಲ ಹತ್ತು ನಿಮಿಷ ಚಪ್ಪಾಳೆ. ಆಮೇಲೆ ಒಬ್ಬೊಬ್ಬರೇ ಔಟಾಗಿ ಹೊರಗೆ ಕೂತರು, ಒಳಗೆ ಕರೆತರೋಕೆ ಯಾರೂ ಇಲ್ಲ. ಕ್ವಾರ್ಟರ್ ಫೈನಲ್‌ನಲ್ಲೇ ಸೋತೆವು. ಬುಲ್ಸ್ ಕತೆಯೇ, ಮಣ್ಣಿನ ಅಂಕಣದಲ್ಲಿ.

ಗೆಸ್ಟ್‌ಗಳು ರಾತ್ರಿಯೇ ಬೈಕ್ ಹತ್ತಿ ಹೋದರು. ನನ್ನ ತಮ್ಮ ಅವತ್ತಿನಿಂದ ಅಂಕಣಕ್ಕೆ ಬಂದಿಲ್ಲ. ಈಗ ಬೆಳಿಗ್ಗೆ ಮದ್ದೂರಲ್ಲಿ ರೈಲು ಹತ್ತಿ ಬಿಡದಿ ಕಡೆ ಕೆಲಸಕ್ಕೆ ಹೋಗ್ತಾನೆ. ಕೆಲಸಕ್ಕೆ ಹೋಗೋದು ಒಳ್ಳೇದೇ. ಆದರೆ ಆಟ ಬಿಟ್ಟಿದ್ದು ಕೆಲಸಕ್ಕಲ್ಲ, ಮರ್ಯಾದೆಗೆ. ಮೊನ್ನೆ ಕೇಳಿದೆ, "ಯಾಕ್ಲಾ ಬರಲ್ಲ?" ಅಂತ. "ಅಣ್ಣ, ಕೂರೋಕೆ ಜೆರ್ಸಿ ಯಾಕೆ ಬೇಕು?" ಅಂದ. ಉತ್ತರ ಹೇಳೋಕೆ ಆಗಲಿಲ್ಲ.

ಒಬ್ಬ ಹುಡುಗ ತಾಲ್ಲೂಕಿಗೆ, ಅಲ್ಲಿಂದ ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣಕ್ಕೆ, ಅಲ್ಲಿಂದ ರಾಜ್ಯ ತಂಡಕ್ಕೆ ಹೋಗೋ ದಾರಿ ಶುರುವಾಗೋದು ಊರಿನ ಅಂಕಣದಲ್ಲೇ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದವರಿಗೆ ಪೊಲೀಸ್, ರೈಲ್ವೆಯಲ್ಲಿ ಕ್ರೀಡಾ ಕೋಟಾ ಇದೆ. ಪ್ರೊ ಕಬಡ್ಡಿಯಲ್ಲೇ ಹರಾಜಿಲ್ಲದೆ ಹೊಸ ಹುಡುಗರನ್ನು ತೆಗೆದುಕೊಳ್ಳುವ ಅವಕಾಶ ತಂಡಗಳಿಗಿದೆ. ಮೊದಲ ಮೆಟ್ಟಿಲಲ್ಲೇ ಅವನನ್ನು ಕೂರಿಸಿದರೆ ಮೇಲೆ ಹೋಗೋದು ಯಾರು?

ಏನು ಮಾಡಬಹುದು?

ಪಂದ್ಯಾವಳಿ ನಡೆಸೋ ಅಣ್ಣಂದಿರಿಗೆ ನಾಲ್ಕೇ ಮಾತು.

ಒಂದು, ಅಂಕಣದಲ್ಲಿ ಯಾವ ಹೊತ್ತಿಗೂ ಏಳರಲ್ಲಿ ಕನಿಷ್ಠ ಐದು ಜನ ಅದೇ ಊರಿನವರಿರಬೇಕು ಅಂತ ನಿಯಮ ಮಾಡಿ. ಆಧಾರ್ ಕಾರ್ಡ್ ನೋಡಿದರೆ ಸಾಕು. ಗೆಸ್ಟ್ ಬೇಡವೇ ಬೇಡ ಅಂತಲ್ಲ, ಇಬ್ಬರು ಇರಲಿ. ಅವರಿಂದ ನಮ್ಮ ಹುಡುಗರೂ ಕಲೀತಾರೆ.

ಎರಡು, 'ಬೆಸ್ಟ್ ರೈಡರ್'ಗೆ ಟಿವಿ ಕೊಟ್ಟು 'ಬೆಸ್ಟ್ ಡಿಫೆಂಡರ್'ಗೆ ಸ್ಟೀಲ್ ಲೋಟ ಕೊಡೋದು ನಿಲ್ಲಿಸಿ. ಇಬ್ಬರಿಗೂ ಒಂದೇ ಬಹುಮಾನ. ಆಗ ಹುಡುಗರು ಕಾಲು ಹಿಡಿಯೋದನ್ನೂ ಕಲೀತಾರೆ.

ಮೂರು, ದೊಡ್ಡವರ ಪಂದ್ಯಕ್ಕೆ ಮುಂಚೆ ಹೈಸ್ಕೂಲ್ ಹುಡುಗರಿಗೆ, ಹುಡುಗಿಯರಿಗೆ ಒಂದೊಂದು ಪಂದ್ಯ ಇಡಿ. ಕಾರ್ಕಳದ ಮಮತಾ ಪೂಜಾರಿ ಭಾರತ ತಂಡದ ನಾಯಕಿ ಆದವರು. ನಮ್ಮ ಜಿಲ್ಲೆಯ ಹುಡುಗಿಯರಿಗೆ ಆಡೋಕೆ ಅಂಕಣವೇ ಸಿಗದಿದ್ದರೆ ಹೇಗೆ?

ನಾಲ್ಕನೇದು ಬುಲ್ಸ್‌ಗೂ ಸೇರಿದ್ದು. 11, 12ನೇ ಸೀಸನ್‌ಗಳಲ್ಲಿ ಬೆಂಗಳೂರಲ್ಲಿ ಒಂದೂ ಪಂದ್ಯ ನಡೀಲಿಲ್ಲ. ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಪ್ರೊ ಕಬಡ್ಡಿ ಕೊನೇ ಸಲ ಬಂದಿದ್ದು 2023ರ ಡಿಸೆಂಬರ್‌ನಲ್ಲಿ. ಪಂದ್ಯ ತರೋದು ತಂಡವೊಂದರ ಕೈಲಿಲ್ಲದಿರಬಹುದು. ಆದರೆ ಮಂಡ್ಯದಲ್ಲಿ ಎರಡು ದಿನ ಆಯ್ಕೆ ಟ್ರಯಲ್ಸ್ ನಡೆಸೋದು ಅವರ ಕೈಲೇ ಇದೆ. ಬಿ.ಸಿ. ರಮೇಶ್ ಅವರಂಥವರು ಗೆರೆಯಾಚೆ ನಿಂತು ನೋಡ್ತಾರೆ ಅಂದರೆ ಬಿಡದಿ ರೈಲು ಹತ್ತಿದ ಹುಡುಗ ಕೂಡ ರಜಾ ಹಾಕಿ ಬರ್ತಾನೆ.

ಈ ಸಲ ನಮ್ಮೂರ ಹಬ್ಬಕ್ಕೆ ಚಂದಾ ಕೇಳಲು ಬಂದರೆ ನಾನು ಮತ್ತೆ 500 ಕೊಡ್ತೀನಿ. ಕೊಡೋ ಮುಂಚೆ ಒಂದು ಪ್ರಶ್ನೆ ಕೇಳ್ತೀನಿ: ಲೆಫ್ಟ್ ಕಾರ್ನರ್‌ನಲ್ಲಿ ಯಾರು ನಿಲ್ತಾರೆ? ನೀವೂ ನಿಮ್ಮೂರಲ್ಲಿ ಕೇಳಿ ನೋಡಿ.