ಕನಸಿನ ಮರೆಯ ಮಾತು: ಚಂದ್ರಮತಿ ಮತ್ತು ಯಶೋಧರ

ಜನ್ನಕವಿಯ ‘ಯಶೋಧರಚರಿತೆ’ಯನ್ನು (ಕ್ರಿ.ಶ. 1209) ಕುರಿತ ಚರ್ಚೆ ಬಹುಮಟ್ಟಿಗೆ ಅಮೃತಮತಿ-ಅಷ್ಟಾವಂಕರ ಪ್ರಸಂಗದ ಸುತ್ತ, ಇಲ್ಲವೇ ಸಂಕಲ್ಪಹಿಂಸೆಯ ತತ್ತ್ವದ ಸುತ್ತ ನಡೆಯುತ್ತದೆ. ಇವೆರಡರ ನಡುವೆ ಬಂದು ಕಥೆಯ ಗತಿಯನ್ನೇ ತಿರುಗಿಸುವ ತಾಯಿ-ಮಗನ ಸಂಭಾಷಣೆ ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ. ಹೆತ್ತವರು ಮಕ್ಕಳ ಮನೋಬಲವನ್ನು ಹೇಗೆ ರೂಪಿಸುತ್ತಾರೆ ಎಂಬುದಕ್ಕೆ ಅದೊಂದು ಸೂಕ್ಷ್ಮವಾದ ನಿದರ್ಶನ.

ಉಜ್ಜಯಿನಿಯ ಅರಸ ಯಶೋಧರ ಇರುಳಿನಲ್ಲಿ ಮಡದಿಯನ್ನು ಹಿಂಬಾಲಿಸಿ, ಆಕೆ ಮಾವುತನಿಗೆ ಒಲಿದಿರುವುದನ್ನು ಕಣ್ಣಾರೆ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ತಡೆದುಕೊಳ್ಳುವಷ್ಟು ಸಂಯಮ ಅವನಲ್ಲಿದೆ. ಆದರೆ ತಾಯಿ ಚಂದ್ರಮತಿಯ ಮುಂದೆ ಕಂಡದ್ದನ್ನು ಹೇಳಲಾರದೆ, ಕೆಟ್ಟ ಕನಸು ಕಂಡೆನೆಂದು ಮರೆಮಾಚುತ್ತಾನೆ. ತಾಯಿ ಆ ಕನಸಿನ ಹಿಂದಿನ ಸಂಕಟವೇನೆಂದು ವಿಚಾರಿಸುವುದಿಲ್ಲ. ದೇವಿಗೆ ಬಲಿ ಕೊಡುವುದೇ ಪರಿಹಾರವೆಂದು ಸೂಚಿಸುತ್ತಾಳೆ. ಮಗ ಒಪ್ಪದಿದ್ದಾಗ ಹಿಟ್ಟಿನ ಕೋಳಿಯಾದರೂ ಆಗಲಿ ಎನ್ನುತ್ತಾಳೆ. ತಾಯಿಯ ಮಾತನ್ನು ಮೀರಲಾರದೆ, ತನ್ನ ವಿವೇಕಕ್ಕೆ ವಿರುದ್ಧವಾಗಿ ಅವನು ಮಣಿಯುತ್ತಾನೆ. ಕಡಿದ ಹಿಟ್ಟಿನ ಕೋಳಿ ಕೂಗುತ್ತದೆ.

ಚಂದ್ರಮತಿಯ ವಾತ್ಸಲ್ಯದಲ್ಲಿ ಕೊರತೆಯಿಲ್ಲ. ಆದರೆ ಆ ವಾತ್ಸಲ್ಯ ಮಗನ ನೋವನ್ನು ನೀಗಲು ಅವಸರಪಡುತ್ತದೆಯೇ ಹೊರತು ಅದನ್ನು ಆಲಿಸುವುದಿಲ್ಲ. ಯಶೋಧರನೇನೂ ಹಸುಳೆಯಲ್ಲ, ರಾಜ್ಯವಾಳುವವನು. ಅವನ ಕರ್ಮಕ್ಕೆ ತಾಯಿಯನ್ನೇಕೆ ಹೊಣೆ ಮಾಡಬೇಕೆಂಬ ಆಕ್ಷೇಪ ಏಳಬಹುದು. ಆದರೆ ನವಿಲು-ನಾಯಿಗಳಿಂದ ಮೊದಲ್ಗೊಂಡು ಕೋಳಿಗಳವರೆಗೆ ತಿರ್ಯಗ್ಜನ್ಮಗಳ ಪಾಡನ್ನು ಇಬ್ಬರೂ ಅನುಭವಿಸುತ್ತಾರೆ. ಹೇಳದ ಮಗನೂ ಕೇಳದ ತಾಯಿಯೂ ಆ ಫಲದಲ್ಲಿ ಪಾಲುದಾರರು.

ಕೊನೆಗೆ ಅವರಿಬ್ಬರೂ ಯಶೋಧರನ ಮಗನಾದ ಯಶೋಮತಿಗೆ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಯಶೋಮತಿ ಬೇಟೆಯ ವ್ಯಸನಿ. ಆದರೆ ಸುದತ್ತಾಚಾರ್ಯರ ಸನ್ನಿಧಿಯಲ್ಲಿ ಪಶ್ಚಾತ್ತಾಪಪಟ್ಟು ರಾಜ್ಯವನ್ನೇ ತೊರೆಯುತ್ತಾನೆ. ಹೀಗೆ ಈ ಮಕ್ಕಳಿಗೆ ದೊರೆತದ್ದು ತನ್ನ ತಪ್ಪನ್ನು ಮುಚ್ಚಿಡದ ತಂದೆ, ನಿಜವನ್ನು ಬಿಡಿಸಿ ಹೇಳಿದ ಗುರು.

ಇದರ ಪರಿಣಾಮ ಚಂಡಮಾರಿಯ ಗುಡಿಯಲ್ಲಿ ಕಾಣುತ್ತದೆ. ಮಾರಿದತ್ತನ ಬಲಿಗೆಂದು ಹಿಡಿದು ತಂದಾಗ ಅಭಯರುಚಿ ತಂಗಿಗೆ ಧೈರ್ಯ ಹೇಳುತ್ತಾನೆ, ಕೊಲ್ಲಲು ನಿಂತ ಅರಸನನ್ನು ಹರಸುತ್ತಾನೆ, ಅವನು ಕೇಳಿದಾಗ ತಮ್ಮ ಜನ್ಮಾಂತರಗಳ ಕಥೆಯನ್ನು ನಿರೂಪಿಸುತ್ತಾನೆ. ಅಂದು ತಾಯಿಗೆ ಹೇಳಲಾಗದೆ ಕನಸಿನ ಮರೆಯಲ್ಲಿ ಅಡಗಿಸಿದ ಮಾತು ಇಂದು, ಆ ತಾಯಿಯೇ ತಂಗಿಯಾಗಿ ಪಕ್ಕದಲ್ಲಿರುವಾಗ, ಕತ್ತಿಯ ಎದುರಿನಲ್ಲಿ ಹೊರಬರುತ್ತದೆ. ಅದನ್ನು ಕೇಳಿದ ಮಾರಿದತ್ತ ಹಿಂಸೆಯನ್ನು ತೊರೆಯುತ್ತಾನೆ.

ಕಾವ್ಯದ ಈ ಚೌಕಟ್ಟನ್ನು ಕೇವಲ ಕಥನತಂತ್ರವೆಂದು ಓದಿದರೆ ಅದರ ಮನೋಧರ್ಮ ಕೈತಪ್ಪುತ್ತದೆ. ಮಗುವಿನ ಮುಖ ಬಾಡಿದೊಡನೆ ಪರಿಹಾರಕ್ಕೆ ಧಾವಿಸುವ, ವಿಧೇಯತೆಯನ್ನೇ ಸದ್ಗುಣವೆಂದು ಬಗೆಯುವ ಹೆತ್ತವರು ಇಂದಿಗೂ ಚಂದ್ರಮತಿಯ ದಾರಿಯಲ್ಲೇ ಇದ್ದಾರೆ. ಕನಸೆಂದು ಮಗ ಹೇಳಿದಾಗ ಆಕೆ ಇನ್ನೊಂದು ಪ್ರಶ್ನೆ ಕೇಳಿದ್ದರೆ, ಹಿಟ್ಟಿನ ಕೋಳಿಯ ಅಗತ್ಯವೇ ಬರುತ್ತಿರಲಿಲ್ಲ.