ಹಾಡು ಒಂದು, ಅಚ್ಚು ಹಲವು

ಹಳೆಯ ಕಾವ್ಯವೊಂದನ್ನು ಅಚ್ಚು ಹಾಕಿಸಲು ಹೊರಟ ಪಂಡಿತರು ಮೊದಲು ಮಾಡುತ್ತಿದ್ದ ಕೆಲಸವೇನೆಂಬುದನ್ನು ನಮ್ಮ ವಾಚಕರು ಬಲ್ಲರು. ಮಠಗಳಿಂದಲೂ ಬಸದಿಗಳಿಂದಲೂ ಹಳೆಯ ಮನೆತನಗಳ ಅಟ್ಟಗಳಿಂದಲೂ ಓಲೆಗರಿಯ ಪ್ರತಿಗಳನ್ನು ತರಿಸಿ, ಒಂದರ ಪಕ್ಕದಲ್ಲಿ ಮತ್ತೊಂದನ್ನಿಟ್ಟು, ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ನೋಡುತ್ತಿದ್ದರು. ಒಂದು ಪ್ರತಿಯಲ್ಲಿರುವ ಪದ್ಯ ಇನ್ನೊಂದರಲ್ಲಿ ಇರದು. ಒಂದರಲ್ಲಿ ಸೊಗಸಾಗಿರುವ ಮಾತು ಇನ್ನೊಂದರಲ್ಲಿ ಕೆಟ್ಟಿರುವುದು. ಪುಟದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಪಾಠಾಂತರಗಳನ್ನು ಬಹುಜನರು ಓದದೆ ಬಿಡುವರು. ಆದರೆ ಅದರ ರುಚಿ ಹತ್ತಿದವರಿಗೆ ಮೇಲಿನ ಪದ್ಯಕ್ಕಿಂತಲೂ ಕೆಳಗಿನ ಪಾಠಾಂತರದ ಮೇಲೆಯೇ ಕಣ್ಣು.

ಗ್ರಾಮಫೋನ್ ತಟ್ಟೆಗಳಿಗೂ ಇಂಥ ಪಾಠಾಂತರಗಳುಂಟು ಎಂದರೆ ಕೆಲವರು ನಗಬಹುದು. ಕೈಬರಹದ ಪ್ರತಿಯಲ್ಲಿ ಲಿಪಿಕಾರನು ತಪ್ಪಬಹುದು, ಯಂತ್ರದಲ್ಲಿ ಒತ್ತಿದ ತಟ್ಟೆಗಳಲ್ಲಿ ಭೇದವೆಲ್ಲಿಂದ ಬಂತು ಎಂದು ಕೇಳಬಹುದು. ಬಹುಕಾಲ ನಾವೂ ಹಾಗೆಯೇ ಎಣಿಸಿದ್ದೆವು. ಅಮೆರಿಕದ ಬಾಬ್ ಡಿಲನ್ನರ ತಟ್ಟೆಗಳನ್ನು ಕೂಡಿಹಾಕುವ ಹವ್ಯಾಸಕ್ಕೆ ಬಿದ್ದ ಮೇಲೆ ನಮ್ಮ ಎಣಿಕೆ ತಪ್ಪೆಂಬುದು ತಿಳಿಯಿತು. ಮತ್ತೊಂದು ತಪ್ಪೂ ತಿಳಿಯಿತು. ಅದನ್ನು ಕಡೆಯಲ್ಲಿ ಹೇಳುವೆವು.

ಮಾತನ್ನೂ ಧಾತುವನ್ನೂ ತಾನೇ ರಚಿಸಿ ಹಾಡುವವನಿಗೆ ನಮ್ಮ ಸಂಗೀತಶಾಸ್ತ್ರದಲ್ಲಿ ವಾಗ್ಗೇಯಕಾರನೆಂದು ಹೆಸರು. 1941ರಲ್ಲಿ ಮಿನೆಸೋಟ ಪ್ರಾಂತದ ಡುಲೂತ್ ಪಟ್ಟಣದಲ್ಲಿ ಹುಟ್ಟಿದ ಡಿಲನ್ನರಿಗೆ ಆ ಹೆಸರು ಸಲ್ಲುವುದು. ಅವರ ಮೊದಲನೆಯ ಎಲ್.ಪಿ. ತಟ್ಟೆ 1962ರಲ್ಲಿ ಕೊಲಂಬಿಯಾ ಕಂಪೆನಿಯಿಂದ ಹೊರಬಿತ್ತು. 2016ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಪಾರಿತೋಷಕವು ದೊರೆಯಿತು. ಇಂಥವರ ವಿಷಯದಲ್ಲಿ ಪಾಠಾಂತರವನ್ನು ಹುಡುಕುವುದು ಬರಿಯ ಹುಚ್ಚಲ್ಲ. ಕವಿಯು ಏನನ್ನು ಬರೆದು ಏನನ್ನು ಹೊಡೆದುಹಾಕಿದನೆಂಬುದನ್ನು ತಿಳಿಯುವ ಒಂದು ದಾರಿ.

ತಟ್ಟೆಯು ಹುಟ್ಟುವ ಬಗೆಯನ್ನು ಮೊದಲು ಹೇಳಬೇಕು. ಗಾಯನವನ್ನು ಹಿಡಿದಿಟ್ಟ ಟೇಪಿನಿಂದ, ಲ್ಯಾಕರ್ ಬಳಿದ ಒಂದು ಮೆದುವಾದ ತಟ್ಟೆಯ ಮೇಲೆ ಸುರುಳಿಯಾದ ಗೆರೆಯನ್ನು ಕೊರೆಯುವರು. ಅದರ ಮೇಲೆ ಬೆಳ್ಳಿಯ ತೆಳುಲೇಪವನ್ನು ಕೊಟ್ಟು, ವಿದ್ಯುತ್ತಿನ ಸಹಾಯದಿಂದ ನಿಕಲ್ ಲೋಹವನ್ನು ಕೂಡಿಸಿ ಬಿಡಿಸಿದರೆ ಗೆರೆಗಳು ಉಬ್ಬಾಗಿರುವ ಲೋಹದ ತಟ್ಟೆ ಸಿಕ್ಕುವುದು. ಇದನ್ನು 'ತಂದೆ' ಎನ್ನುವರು. ತಂದೆಯಿಂದ 'ತಾಯಿ', ತಾಯಿಯಿಂದ ಒತ್ತುವ ಅಚ್ಚು. ಆ ಅಚ್ಚಿನ ನಡುವೆ ಕಾದ ವಿನೈಲನ್ನಿಟ್ಟು ಅದುಮಿದರೆ ತಟ್ಟೆ ಸಿದ್ಧ. ಅಚ್ಚು ಒತ್ತಿದಷ್ಟೂ ಸವೆಯುವುದು. ಸವೆದ ಮೇಲೆ ಹೊಸದನ್ನು ಮಾಡಬೇಕು. ಹಾಡು ಹೆಸರಾದರೆ ಲ್ಯಾಕರನ್ನೇ ಮತ್ತೆ ಕೊರೆಯಬೇಕಾಗುವುದು. ಹೀಗೆ ಕೊರೆಯುವಾಗಲೆಲ್ಲ ಒಬ್ಬ ಮನುಷ್ಯನ ಕೈಯೂ ಕಿವಿಯೂ ನಡುವೆ ಬರುವುವು. ಅಲ್ಲಿಯೇ ಲಿಪಿಕಾರನ ಪ್ರವೇಶ.

ಪ್ರತಿಯ ವಂಶಾವಳಿಯನ್ನು ತಿಳಿಯುವುದಕ್ಕೆ ನಡುವಣ ಚೀಟಿಯನ್ನು ನಂಬಿದರೆ ಸಾಲದು. ಕಡೆಯ ಹಾಡು ಮುಗಿದ ಮೇಲೆ ಚೀಟಿಯ ವರೆಗೆ ಉಳಿಯುವ ನುಣುಪಾದ ಬಳೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಬೇಕು. ಅಲ್ಲಿ ಸಣ್ಣ ಅಂಕೆಗಳೂ ಅಕ್ಷರಗಳೂ ಕಾಣುವುವು. ಕೊಲಂಬಿಯಾ ತಟ್ಟೆಗಳಲ್ಲಿ ಈ ಅಂಕೆಯ ಕೊನೆಗೆ '1ಎ', '1ಬಿ', '2ಸಿ' ಎಂಬಂಥ ಗುರುತಿರುವುದು. ಇದು ಯಾವ ಲ್ಯಾಕರಿನಿಂದ ಬಂದ ಅಚ್ಚೆಂಬುದನ್ನು ಹೇಳುವುದು. ಓಲೆಗ್ರಂಥದ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಸಂವತ್ಸರವನ್ನೂ ಬರೆದಿಡುತ್ತಿದ್ದನಲ್ಲವೆ, ಅದರಂತೆಯೇ ಇದು.

ಈಗ ಉದಾಹರಣೆಗೆ ಬರುವೆವು. ಡಿಲನ್ನರ ಎರಡನೆಯ ತಟ್ಟೆ 'ದಿ ಫ್ರೀವೀಲಿನ್ ಬಾಬ್ ಡಿಲನ್' 1963ರ ಮೇ ತಿಂಗಳಲ್ಲಿ ಹೊರಬಂತು. ಅದರ ಮೊದಲ ಕೆಲವು ಪ್ರತಿಗಳಲ್ಲಿ ಇದ್ದ ನಾಲ್ಕು ಹಾಡುಗಳನ್ನು ತೆಗೆದು ಬೇರೆ ನಾಲ್ಕನ್ನು ಸೇರಿಸಿದರು. ತೆಗೆದುಹಾಕಿದವುಗಳಲ್ಲಿ ಒಂದು, ಜಾನ್ ಬರ್ಚ್ ಸಂಘವೆಂಬ ಕಟು ಕಮ್ಯೂನಿಸ್ಟ್-ವಿರೋಧಿ ಪಂಗಡವನ್ನು ಹಾಸ್ಯ ಮಾಡಿದ ಹಾಡು. ಆ ಹಾಡನ್ನು ಎಡ್ ಸಲಿವನ್ನರ ಟೆಲಿವಿಷನ್ ಕಾರ್ಯಕ್ರಮದಲ್ಲಿ ಹಾಡಕೂಡದೆಂದು ಹೇಳಿದುದರಿಂದ 1963ರ ಮೇ 12ರಂದು ಡಿಲನ್ನರು ಆ ಕಾರ್ಯಕ್ರಮವನ್ನೇ ಬಿಟ್ಟು ಬಂದರು. ಅಂಜಿಕೆಯಿಂದ ಕಂಪೆನಿಯೇ ಹಾಡನ್ನು ಕಿತ್ತುಹಾಕಿತೆಂಬ ಕಥೆ ಇದರಿಂದ ಹುಟ್ಟಿತು. ಆದರೆ ಸೇರಿಸಿದ ನಾಲ್ಕು ಹಾಡುಗಳು ಮುದ್ರಿತವಾದುದು ಏಪ್ರಿಲ್ 24ರಂದು, ಎಂದರೆ ಆ ಜಗಳಕ್ಕೆ ಮುಂಚೆಯೇ. 'ಗರ್ಲ್ ಫ್ರಮ್ ದಿ ನಾರ್ತ್ ಕಂಟ್ರಿ', 'ಮಾಸ್ಟರ್ಸ್ ಆಫ್ ವಾರ್' ಎಂಬವು ಆ ನಾಲ್ಕರಲ್ಲಿ ಸೇರಿವೆ. ಇಂಥ ಹಾಡುಗಳು ಕೈಯಲ್ಲಿದ್ದ ಕವಿಗೆ ಹಳೆಯವನ್ನು ಬಿಡಬೇಕೆಂದು ತಾನಾಗಿಯೇ ತೋರಿದ್ದರೂ ಆಶ್ಚರ್ಯವಿಲ್ಲ. ಹಳೆಯ ನಾಲ್ಕು ಹಾಡುಗಳಿರುವ ಪ್ರತಿಗಳು ಬೆರಳೆಣಿಕೆಯಷ್ಟು ಮಾತ್ರ ದೊರೆತಿರುವುದರಿಂದ ಸಾವಿರಾರು ಡಾಲರುಗಳಿಗೆ ಮಾರಾಟವಾಗಿವೆ. ತಮಾಷೆಯೇನೆಂದರೆ, ಚೀಟಿಯ ಮೇಲೆ ಹಳೆಯ ಹಾಡುಗಳ ಹೆಸರಿದ್ದು ಒಳಗೆ ಹೊಸ ಹಾಡುಗಳಿರುವ ತಟ್ಟೆಗಳೂ ಉಂಟು, ಅದರ ವಿಪರ್ಯಾಸವೂ ಉಂಟು. ಹೆಸರನ್ನು ನಂಬಿದವನು ಕೆಟ್ಟ. ಮುಳ್ಳನ್ನಿಟ್ಟು ಕೇಳಿದವನು ಗೆದ್ದ.

1965ರ 'ಹೈವೇ 61 ರೀವಿಸಿಟೆಡ್' ಎಂಬ ತಟ್ಟೆಯಲ್ಲಿ ಇಂಥದೇ ಇನ್ನೊಂದು ವಿಶೇಷ. ಮೊದಲ ಮಗ್ಗುಲಿನ ನಾಲ್ಕನೆಯ ಹಾಡಿಗೆ, ಮೊದಲ ಅಚ್ಚಿನಲ್ಲಿ ಬೇರೆಯೊಂದು ಸಲದ ಗಾಯನವು ಸೇರಿಹೋಗಿತ್ತು. ಅದು ಹಾರ್ಮೋನಿಕಾ ವಾದ್ಯದ ದನಿಯಿಂದ ಆರಂಭವಾಗುವುದು. ಆದುದರಿಂದ ಎಳೆಯ ಮಕ್ಕಳೂ ಗುರುತಿಸಬಲ್ಲರು. 1966ರ 'ಬ್ಲಾಂಡ್ ಆನ್ ಬ್ಲಾಂಡ್' ಎಂಬ ಜೋಡಿ ತಟ್ಟೆಯಲ್ಲಿ ಪಾಠಾಂತರವು ಹೊದಿಕೆಯಲ್ಲಿಯೇ ಇದೆ: ನಟಿ ಕ್ಲಾಡಿಯಾ ಕಾರ್ಡಿನಾಲೆಯವರ ಚಿತ್ರವನ್ನು ಅವರ ಅನುಮತಿ ಇಲ್ಲದೆ ಒಳಮಗ್ಗುಲಲ್ಲಿ ಹಾಕಿದ್ದರು, ಅವರು ಆಕ್ಷೇಪಿಸಲಾಗಿ ಮುಂದಿನ ಅಚ್ಚುಗಳಲ್ಲಿ ತೆಗೆದರು.

ಇವು ಕಣ್ಣಿಗೂ ಕಿವಿಗೂ ಸ್ಪಷ್ಟವಾದ ಭೇದಗಳು. ಇನ್ನು ಕೆಲವು ಸೂಕ್ಷ್ಮ. ಆ ಕಾಲದಲ್ಲಿ ಒಂದೇ ಗಾಯನವನ್ನು ಮಾನೋ ಎಂದು ಒಂದು ಬಗೆಯಾಗಿ, ಸ್ಟೀರಿಯೋ ಎಂದು ಇನ್ನೊಂದು ಬಗೆಯಾಗಿ ಬೇರೆಬೇರೆ ಹದಗೊಳಿಸುತ್ತಿದ್ದರು. ಮಾನೋ ತಟ್ಟೆಯಲ್ಲಿ ಕಂಠವೂ ಗಿಟಾರೂ ಒಂದೇ ಮೈಯಾಗಿ ಎದುರಿಗೆ ಬಂದು ನಿಲ್ಲುವುವು. ಸ್ಟೀರಿಯೋದಲ್ಲಿ ಎಡಬಲಗಳಿಗೆ ಹಂಚಿಹೋಗುವುವು. 1967ರ 'ಜಾನ್ ವೆಸ್ಲಿ ಹಾರ್ಡಿಂಗ್' ಆದ ಮೇಲೆ ಅಮೆರಿಕದಲ್ಲಿ ಮಾನೋ ತಟ್ಟೆಗಳು ನಿಂತುಹೋದವು. ಮೊದಲ ಎಂಟು ಸಂಪುಟಗಳ ಮಾನೋ ಪಾಠವನ್ನು ಕಂಪೆನಿಯು 2010ರಲ್ಲಿ ಒಂದು ಪೆಟ್ಟಿಗೆಯಾಗಿ ಮತ್ತೆ ಹೊರತಂದಿತು. ತಟ್ಟೆಯ ಹೊರ ಅಂಚಿಗೂ ಒಳಗಿಗೂ ಕೂಡ ಭೇದವುಂಟು. ನಿಮಿಷಕ್ಕೆ 33⅓ ಸುತ್ತು ತಿರುಗುವ ಹನ್ನೆರಡಂಗುಲದ ತಟ್ಟೆಯಲ್ಲಿ ಹೊರ ಅಂಚಿನ ಗೆರೆಯು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರು ಹರಿದರೆ, ಚೀಟಿಯ ಹತ್ತಿರದ ಗೆರೆಯು ಸುಮಾರು 21 ಸೆಂಟಿಮೀಟರು ಮಾತ್ರ ಹರಿಯುವುದು. ಕಿರಿದಾದ ಜಾಗದಲ್ಲಿ ಅಷ್ಟೇ ನಾದವನ್ನು ತುಂಬಬೇಕಾದುದರಿಂದ ಮಗ್ಗುಲಿನ ಕಡೆಯ ಹಾಡು ಸ್ವಲ್ಪ ಮಸಕಾಗುವುದು ಸಹಜ. ಇದನ್ನು ತಿಳಿಯದೆ ಒಂದು ಪ್ರತಿಯ ಮೊದಲ ಹಾಡನ್ನು ಇನ್ನೊಂದರ ಕಡೆಯ ಹಾಡಿನೊಡನೆ ಹೋಲಿಸಿ ತೀರ್ಪು ಕೊಡುವವರುಂಟು.

ಆದರೆ ನಮಗೆ ಎಲ್ಲಕ್ಕಿಂತ ಹಿಡಿಸಿದ ಕಥೆ 'ಬ್ಲಡ್ ಆನ್ ದಿ ಟ್ರ್ಯಾಕ್ಸ್' ಎಂಬ ತಟ್ಟೆಯದು. ಅದರ ಹತ್ತು ಹಾಡುಗಳನ್ನೂ ಡಿಲನ್ನರು 1974ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಹಾಡಿ ಮುಗಿಸಿದ್ದರು. ಪರೀಕ್ಷೆಗೆಂದು ಕೆಲವು ತಟ್ಟೆಗಳನ್ನೂ ಒತ್ತಿಯಾಗಿತ್ತು. ಡಿಸೆಂಬರಿನಲ್ಲಿ ಅವರು ತಮ್ಮ ತವರು ಪ್ರಾಂತಕ್ಕೆ ಹೋಗಿ, ಮಿನಿಯಾಪೊಲಿಸ್ ಪಟ್ಟಣದಲ್ಲಿ ಅಲ್ಲಿನ ವಾದ್ಯಗಾರರನ್ನು ಕೂಡಿಸಿಕೊಂಡು, ಅರ್ಧದಷ್ಟು, ಎಂದರೆ ಐದು ಹಾಡುಗಳನ್ನು ಹೊಸದಾಗಿ ಹಾಡಿದರು. ತಟ್ಟೆಯು 1975ರ ಜನವರಿಯಲ್ಲಿ ಹೊರಬಂದಾಗ ಹೊದಿಕೆಗಳು ಮೊದಲೇ ಅಚ್ಚಾಗಿದ್ದುದರಿಂದ ಆ ವಾದ್ಯಗಾರರ ಹೆಸರು ಅದರಲ್ಲಿ ಇರಲಿಲ್ಲ. ಮೊದಲ ಪಾಠವು ಮೆಲುದನಿಯ ದುಃಖ. ಎರಡನೆಯದರಲ್ಲಿ ಆ ದುಃಖವು ಎದ್ದು ನಿಂತು ಮಾತಾಡುವುದು. ಯಾವುದು ಮೇಲೆಂದು ರಸಿಕರು ಐವತ್ತು ವರ್ಷಗಳಿಂದ ವಾದಿಸುತ್ತಿರುವರು. ಒಂದು ಕಾಲಕ್ಕೆ ಕಳ್ಳಪ್ರತಿಗಳಿಂದಲ್ಲದೆ ಕೇಳಲಾಗದಿದ್ದ ಆ ಪರೀಕ್ಷೆಯ ತಟ್ಟೆಯನ್ನು ಕಂಪೆನಿಯೇ 2019ರಲ್ಲಿ ಮರುಮುದ್ರಿಸಿತು. ಕವಿಯ ಮೊದಲ ಮನಸ್ಸನ್ನೂ ಮರುಮನಸ್ಸನ್ನೂ ಅಕ್ಕಪಕ್ಕದಲ್ಲಿಟ್ಟು ಕೇಳುವ ಭಾಗ್ಯವು ಈಗ ಸಾಮಾನ್ಯ ಗೃಹಸ್ಥನಿಗೂ ಉಂಟು.

ಇನ್ನು ನಮ್ಮ ತಪ್ಪನ್ನು ಒಪ್ಪಿಕೊಳ್ಳತಕ್ಕ ಸಮಯ. 1964ರ 'ದಿ ಟೈಮ್ಸ್ ದೇ ಆರ್ ಎ-ಚೇಂಜಿನ್' ಎಂಬ ತಟ್ಟೆಯ ಒಂದು ಮಾನೋ ಪ್ರತಿ ನಮ್ಮಲ್ಲಿ ಮೊದಲೇ ಇತ್ತು. ಎರಡು ಮಗ್ಗುಲಿಗೂ '1ಎ' ಗುರುತಿರುವ ಇನ್ನೊಂದು ಪ್ರತಿಯು ಮಾರಾಟಕ್ಕಿದೆಯೆಂದು ತಿಳಿದಾಗ, ಮಳೆಗಾಲಕ್ಕೆ ಮುಂಚೆ ಹಂಚು ಹೊದಿಸಲೆಂದು ಎತ್ತಿಟ್ಟಿದ್ದ ಹಣದಲ್ಲಿ ಹೆಚ್ಚಿನ ಪಾಲನ್ನು ಅದಕ್ಕೆ ತೆತ್ತೆವು. ತಟ್ಟೆ ಬಂತು, ಅದರ ಹಿಂದೆಯೇ ಮಳೆಯೂ ಬಂತು. ಸೋರುವ ಕಡೆಗಳಲ್ಲಿ ಪಾತ್ರೆಗಳನ್ನಿಟ್ಟು, ತಟ್ಟೆಗಳ ಪೆಟ್ಟಿಗೆಯನ್ನು ಒಣಗಿದ ಮೂಲೆಗೆ ಸಾಗಿಸುತ್ತಿದ್ದ ನಮ್ಮನ್ನು ನೋಡಿ ಮನೆಯಾಕೆಯು ಕೋಪಿಸಿಕೊಳ್ಳಲಿಲ್ಲ. "ಇವೆರಡರಲ್ಲಿ ಹೆಚ್ಚಿನದು ಯಾವುದೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲಿರಾ?" ಎಂದು ಮಾತ್ರ ಕೇಳಿದಳು. ಹೇಳದೆ ಏನು ಎಂದೆವು. ಆಕೆಯು ತನ್ನ ಇಷ್ಟದಂತೆ ತಟ್ಟೆಗಳನ್ನು ಬದಲಾಯಿಸುತ್ತ ಒಂದೇ ಹಾಡನ್ನು ಹತ್ತು ಸಲ ಹಾಕಿದಳು; ನಾವು ಹತ್ತು ಸಲ ತೀರ್ಪು ಕೊಟ್ಟೆವು. ಬಾಗಿಲ ಹಿಂದಿನ ಕ್ಯಾಲೆಂಡರಿನ ಮೇಲೆ ಆಕೆ ಬರೆದಿಟ್ಟ ಲೆಕ್ಕದಂತೆ ಐದು ಸರಿ, ಐದು ತಪ್ಪು. ಕಾಸು ಚಿಮ್ಮಿ ಹೇಳಿದ್ದರೂ ಅಷ್ಟೇ ಆಗುತ್ತಿತ್ತು.

ಆಮೇಲೆ ವಿಚಾರಿಸಲಾಗಿ ತಿಳಿದುದೇನೆಂದರೆ, ಕೊಲಂಬಿಯಾದವರು ಹಲವು ಲ್ಯಾಕರುಗಳನ್ನು ಒಂದೇ ಕಾಲಕ್ಕೆ ಕೊರೆದು ತಮ್ಮ ಬೇರೆಬೇರೆ ಕಾರ್ಖಾನೆಗಳಿಗೆ ಹಂಚುತ್ತಿದ್ದರು. 'ಎ' ಎಂಬುದು ಮೊದಲನೆಯದು, ಅದಕ್ಕಾಗಿ ಶ್ರೇಷ್ಠ ಎಂದೇನೂ ಅಲ್ಲ. ಈ ಮರುಳು ನಮ್ಮೊಬ್ಬರದೇ ಅಲ್ಲವೆಂಬುದು ಒಂದು ಸಮಾಧಾನ. 2022ರಲ್ಲಿ ಅಮೆರಿಕದ ಹೆಸರಾಂತ ಮರುಮುದ್ರಣ ಸಂಸ್ಥೆಯೊಂದು, ಟೇಪಿನಿಂದ ನೇರವಾಗಿ ಕೊರೆದವೆಂದು ರಸಿಕರು ನಂಬಿ ಕೊಂಡಿದ್ದ ತನ್ನ ಎಷ್ಟೋ ತಟ್ಟೆಗಳಲ್ಲಿ ನಡುವೆ ಡಿಜಿಟಲ್ ಪ್ರತಿಯೊಂದು ಇತ್ತೆಂದು ಒಪ್ಪಿಕೊಂಡಿತು. ವರ್ಷಗಟ್ಟಲೆ ಆ ತಟ್ಟೆಗಳ ನಾದವನ್ನು ಕೊಂಡಾಡಿದ ನುರಿತ ಕಿವಿಗಳು ಅದನ್ನು ಕಂಡುಹಿಡಿದಿರಲಿಲ್ಲ.

ಹಾಗಾದರೆ ಹೋಲಿಸುವುದೇ ವ್ಯರ್ಥವೋ? ಹಾಗೆನ್ನೆವು. ತೆಗೆದುಹಾಕಿದ ಹಾಡು, ಬದಲಾದ ಗಾಯನ, ಮಾನೋ ಸ್ಟೀರಿಯೋಗಳ ಭೇದ, ಇವು ನಿಜವಾದ ಪಾಠಾಂತರಗಳು. ಇವುಗಳಿಂದ ಹಾಡಿನ ಅರ್ಥ ಹಿಗ್ಗುವುದು. ಬರಿಯ ಅಂಕೆ ಅಕ್ಷರಗಳ ಭೇದವಾದರೋ ಪೆಟ್ಟಿಗೆಯ ಹೆಮ್ಮೆಯನ್ನು ಹಿಗ್ಗಿಸುವುದು. ಈ ಹವ್ಯಾಸಕ್ಕೆ ಕೈಯಿಡುವ ವಾಚಕರಿಗೆ ನಮ್ಮ ಬಿನ್ನಹ ಇಷ್ಟು. ತಟ್ಟೆಗಳೆರಡನ್ನೂ ತೊಳೆದು, ಮುಳ್ಳು ಸವೆದಿಲ್ಲವೆಂದು ನೋಡಿಕೊಂಡು, ಒಂದೇ ಹಾಡನ್ನು ಒಂದೇ ಪ್ರಮಾಣದ ಗಟ್ಟಿತನದಲ್ಲಿ ಕೇಳಿರಿ. ಕೊಂಚ ಗಟ್ಟಿಯಾಗಿರುವುದು ಯಾವಾಗಲೂ ಚೆನ್ನಾಗಿರುವಂತೆ ಕಿವಿಗೆ ಮೋಸವಾಗುವುದು. ತಟ್ಟೆ ಹಾಕುವ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ಒಪ್ಪಿಸಿರಿ. ಆ ಮೇಲೂ ಭೇದವು ತಿಳಿದರೆ ಹಣ ಕೊಡಿರಿ.

ಹಂಚು ಹೊದಿಸಿದ್ದು ಮರುವರ್ಷ. ದುಬಾರಿಯ ಪ್ರತಿಯನ್ನು ಮಾರಿದ ಹಣದಿಂದ. ಉಳಿದ ಪ್ರತಿಯಲ್ಲಿ ಅಲ್ಲಲ್ಲಿ ಚಿಟಚಿಟ ಸದ್ದಿದೆ. ಮಳೆಯ ಸಂಜೆಗಳಲ್ಲಿ ಅದನ್ನು ಹಾಕಿದರೆ ಈಗ ಮನೆಯಾಕೆಯೂ ಬಂದು ಕುಳಿತು ಕೇಳುವಳು. ಹಿಂದೆ ನಾವು ತಟ್ಟೆಯನ್ನು ಕೇಳುತ್ತಿದ್ದೆವು. ಈಗ ಇಬ್ಬರೂ ಹಾಡನ್ನು ಕೇಳುತ್ತಿರುವೆವು.